ಮನಃಪರೀಕ್ಷೆಯಲ್ಲಿ ಕಾಗದವೂ ಗಣಕಯಂತ್ರವೂ

ಬುದ್ಧಿಶಕ್ತಿಯನ್ನಳೆಯುವ ಪ್ರಶ್ನೆಗಳನ್ನು ಕಾಗದದ ಮೇಲೆ ಕೊಟ್ಟರೂ ಗಣಕಯಂತ್ರದ ಮೂಲಕ ಕೊಟ್ಟರೂ ಫಲವೊಂದೇ ಎಂಬ ಮತವು ಪ್ರಚಾರದಲ್ಲಿದೆ. ಇದಕ್ಕೆ ಆಧಾರವಾಗಿ ಉದಾಹೃತವಾಗುವ ಪ್ರಬಂಧಗಳಲ್ಲಿ ಮೀಡ್ ಮತ್ತು ಡ್ರಾಸ್ಗೊ ಎಂಬ ವಿದ್ವಾಂಸರು ೧೯೯೩ರಲ್ಲಿ 'ಸೈಕಲಾಜಿಕಲ್ ಬುಲೆಟಿನ್' ಪತ್ರಿಕೆಯಲ್ಲಿ ಪ್ರಕಟಿಸಿದುದು ಮುಖ್ಯವಾದುದು.

ಪೂರ್ವಸಂಶೋಧನೆಗಳಿಂದ ೧೫೯ ಸಹಸಂಬಂಧಾಂಕಗಳನ್ನು ಸಂಗ್ರಹಿಸಿ, ಅಳತೆಯ ದೋಷವನ್ನು ಕಳೆದು, ಉಭಯವಿಧಾನಗಳ ಸಂಬಂಧವನ್ನು ಗ್ರಂಥಕರ್ತರು ೦.೯೧ ಎಂದು ಗಣಿಸಿದ್ದಾರೆ. ಇಷ್ಟಕ್ಕೇ ನಿಂತಿದ್ದರೆ ಪ್ರಬಂಧವು ಸಾಮಾನ್ಯವಾಗುತ್ತಿದ್ದಿತು. ಆದರೆ ಅವರು ಪ್ರಶ್ನೆಗಳ ಕಾಠಿನ್ಯವೇ ಪ್ರಧಾನವಾದ ಪರೀಕ್ಷೆಗಳನ್ನೂ, ಸುಲಭಪ್ರಶ್ನೆಗಳನ್ನು ಎಷ್ಟು ಬೇಗ ಮುಗಿಸುವರೆಂದು ನೋಡುವ ವೇಗಪರೀಕ್ಷೆಗಳನ್ನೂ ಬೇರ್ಪಡಿಸಿದರು. ಮೊದಲನೆಯದರಲ್ಲಿ ೦.೯೭, ಎರಡನೆಯದರಲ್ಲಿ ೦.೭೨ ಮಾತ್ರ. ಈ ವಿಭಾಗವೇ ಪ್ರಬಂಧದ ಜೀವಾಳ. ಉದಾಹರಿಸುವವರು ಮೊದಲನೆಯ ಅಂಕವನ್ನು ಹಿಡಿದು ಎರಡನೆಯದನ್ನು ಬಿಡುವುದು ಗ್ರಂಥಕರ್ತರ ದೋಷವಲ್ಲ.

೦.೭೨ರ ವರ್ಗವು ಸುಮಾರು ೦.೫೨, ಎಂದರೆ ಎರಡು ವಿಧಾನಗಳಿಗೂ ಸಮಾನವಾದುದು ಅರ್ಧಕ್ಕಿಂತ ತುಸು ಹೆಚ್ಚು. ಅಳತೆಯ ದೋಷವನ್ನು ಮೊದಲೇ ಕಳೆದಿರುವುದರಿಂದ ಉಳಿದ ಭೇದವನ್ನು ಆಕಸ್ಮಿಕವೆನ್ನಲಾಗದು. ನೈಯಾಯಿಕರು ಛೇದನಕ್ರಿಯೆಗೆ ಕೊಡಲಿಯನ್ನು ಕರಣವೆನ್ನುವರು. ಕೊಡಲಿ ಯಾವುದಾದರೂ ಮರ ತುಂಡಾಗುವುದು ಒಂದೇ. ವೇಗಪರೀಕ್ಷೆಯಲ್ಲಾದರೋ ಕರಣವು ಫಲದೊಳಗೇ ಪ್ರವೇಶಿಸುತ್ತದೆ. ವೆಕ್ಸ್ಲರನು ೧೯೩೯ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ಅಂಕೆಗಳ ಕೆಳಗೆ ಸಂಕೇತಗಳನ್ನು ಬೇಗಬೇಗನೆ ಬರೆಯುವ ಭಾಗವೊಂದುಂಟು. ಅದನ್ನು ಕೀಲಿಯೊತ್ತುವಂತೆ ಮಾರ್ಪಡಿಸಿದರೆ ಬರವಣಿಗೆಯ ಕೌಶಲವು ಹೊರಬಿದ್ದು ಬೆರಳಿನ ಅಭ್ಯಾಸವು ಒಳಸೇರುವುದು. ಹೆಸರು ಅದೇ, ಅರ್ಥ ಬೇರೆ.

ಮೊದಲನೆಯ ವರ್ಗವೂ ಕೇವಲ ೦.೯೭ರ ಬಲದಿಂದ ನಿರಾಕ್ಷೇಪವಾಗದು. ಸಹಸಂಬಂಧವು ಪರೀಕ್ಷಿತರ ತಾರತಮ್ಯವು ಉಳಿದಿದೆಯೆಂದು ತಿಳಿಸುವುದೇ ಹೊರತು ಅಂಕಗಳು ಸಮವೆಂದಲ್ಲ. ಯಂತ್ರದಲ್ಲಿ ಎಲ್ಲರಿಗೂ ಐದೈದು ಅಂಕ ಕಡಮೆಯಾದರೂ ಅದು ಪೂರ್ಣವಾಗಿಯೇ ಇರುವುದು. ಆದರೆ ಉದ್ಯೋಗಾರ್ಥಿಯನ್ನು ತೂಗುವುದು ಕಾಗದದ ಕಾಲದಲ್ಲಿ ರಚಿಸಿದ ಮಾನಕಪಟ್ಟಿಯಿಂದ. ಗಡಿಯಲ್ಲಿರುವವನಿಗೆ ಆ ಐದು ಅಂಕಗಳೇ ಜೀವನೋಪಾಯ. ಅಮೆರಿಕದ ಮನಶ್ಶಾಸ್ತ್ರ ಸಂಘವು ೧೯೮೬ರಲ್ಲಿ ವಿಧಿಸಿದ ನಿಯಮವು ಈ ವಿಷಯದಲ್ಲಿ ಎಚ್ಚರಿಕೆಯದು: ತಾರತಮ್ಯದೊಡನೆ ಸರಾಸರಿ, ಹರವು, ಹಂಚಿಕೆಯ ಆಕಾರ ಇವೂ ಹೊಂದಬೇಕು, ಇಲ್ಲವೆ ಅಂಕಗಳನ್ನು ಹೊಂದುವಂತೆ ಪರಿವರ್ತಿಸಬೇಕು. ಇದನ್ನು ಮರೆತು ೦.೯೭ನ್ನೇ ಅಪ್ಪಣೆಚೀಟಿಯಾಗಿ ತೋರಿಸುವುದು ಯುಕ್ತವಲ್ಲ. ಮೇಲಾಗಿ ಪ್ರಬಂಧವು ಪರಿಶೀಲಿಸಿದುದು ತರುಣರನ್ನೂ ವಯಸ್ಕರನ್ನೂ ಮಾತ್ರ. ಶಾಲೆಯ ಮಕ್ಕಳಿಗೆ ಅದನ್ನು ಅನ್ವಯಿಸುವುದು ಅತಿವ್ಯಾಪ್ತಿ.