ಹಳದಿ ಕಲ್ಲುಗಳ ಗುಂಟ

ನಮ್ಮಲ್ಲಿ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ಅದು ರಾಷ್ಟ್ರೀಯ ಹೆದ್ದಾರಿ. ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಸೈಕಲ್ ತುಳಿಯುವವರು ಹಳದಿ ಕಂಡ ಕೂಡಲೇ ಅಂಚಿಗೆ ಸರಿದು, ಹಿಂದಿನಿಂದ ಬರುವ ಲಾರಿಗೆ ಕಿವಿಗೊಟ್ಟು, ಭುಜ ಬಿಗಿ ಹಿಡಿದು ಸಾಗುತ್ತಾರೆ. ಫ್ರಾನ್ಸಿನಲ್ಲಿ ಈ ಲೆಕ್ಕ ತಿರುಗುಮುರುಗು. ಅಲ್ಲಿ ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಕೆಂಪು ತಲೆ. ಹಳದಿ ತಲೆಯೆಂದರೆ ಜಿಲ್ಲಾ ರಸ್ತೆ, ನಕಾಶೆಯಲ್ಲಿ ‘ಡಿ’ ಅಕ್ಷರ ಹೊತ್ತದ್ದು. ಮೊದಲ ಸಲ ಹೋದಾಗ ಈ ಬಣ್ಣ ನೋಡಿ ಮೈ ಬಿಗಿ ಹಿಡಿಯುವ ಅಭ್ಯಾಸ ಬಿಡಲು ನನಗೆ ಎರಡು ದಿನ ಬೇಕಾಯಿತು. ಮೂರನೆಯ ದಿನದಿಂದ ಆ ಹಳದಿಯನ್ನೇ ಹುಡುಕಿಕೊಂಡು ಹೋಗತೊಡಗಿದೆ. ಇಂದಿಗೂ ಹುಡುಕುತ್ತಲೇ ಇದ್ದೇನೆ.

ಅಷ್ಟು ಅಚ್ಚುಕಟ್ಟಾದ ಡಾಂಬರು ರಸ್ತೆಯಲ್ಲಿ ಅರ್ಧ ಗಂಟೆ ಕಳೆದರೂ ಒಂದು ಕಾರು ಬಾರದಿರುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಉತ್ತರ ಹಳೆಯದು. 1836ರ ಮೇ ತಿಂಗಳಲ್ಲಿ ಬಂದ ಒಂದು ಕಾನೂನು, ಪ್ರತಿ ಊರೂ ತನ್ನ ದಾರಿಗಳನ್ನು ತಾನೇ ನೋಡಿಕೊಳ್ಳಬೇಕೆಂದು ಕಟ್ಟು ಮಾಡಿತು. ಕೈಯಲ್ಲಿ ಹಣವಿಲ್ಲದ ಊರು ತನ್ನ ಜನರಿಂದ ವರ್ಷಕ್ಕೆ 3 ದಿನದವರೆಗೆ ದುಡಿಮೆಯನ್ನೇ ಪಡೆಯಬಹುದಿತ್ತು. ಗಾಡಿ, ಎತ್ತು, ಕುದುರೆ ಇದ್ದವರು ಅವನ್ನೂ ಹೊಡೆದುಕೊಂಡು ಬರಬೇಕಿತ್ತು. ಹೀಗೆ ಕಲ್ಲು ಹೊತ್ತು, ಗುಂಡಿ ಮುಚ್ಚಿ, ಸಾವಿರಾರು ಹಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡವು. ಆ ಹೆಣಿಗೆಯೇ ಇಂದಿನ ಸಣ್ಣ ರಸ್ತೆಗಳ ಅಡಿಪಾಯ.

ರಸ್ತೆ ಉಳಿಯಿತು, ಜನ ಹೊರಟುಹೋದರು. ನನಗೆ ತೀರಾ ಪ್ರಿಯವಾದ ನೈಋತ್ಯ ಫ್ರಾನ್ಸಿನ ಲಾಟ್ ಜಿಲ್ಲೆಯನ್ನೇ ನೋಡಿ. 1851ರಲ್ಲಿ ಅಲ್ಲಿ ಹತ್ತಿರಹತ್ತಿರ 3 ಲಕ್ಷ ಜನರಿದ್ದರು, ಈಗ 1.75 ಲಕ್ಷದ ಆಸುಪಾಸು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ಕಾವೋರ್ ನಗರದ ಸುತ್ತಿನ ದ್ರಾಕ್ಷಿ ತೋಟಗಳನ್ನು ಒಣಗಿಸಿತು. ಆಮೇಲೆ ಮೊದಲ ಮಹಾಯುದ್ಧ. ಪ್ರತಿ ಹಳ್ಳಿಯ ಚೌಕದಲ್ಲೂ ಮಡಿದವರ ಹೆಸರು ಕೆತ್ತಿದ ಕಲ್ಲಿದೆ. ನೀರು ಕುಡಿಯಲು ನಿಂತಾಗ ಅದನ್ನು ಓದುವುದು ನನ್ನ ರೂಢಿ. ಒಮ್ಮೆ ಹನ್ನೆರಡು ಮನೆಗಳ ಕೊಪ್ಪಲಿನಂಥ ಊರೊಂದರಲ್ಲಿ ಹತ್ತೊಂಬತ್ತು ಹೆಸರು ಎಣಿಸಿದೆ. ಮೂರು ಹೆಸರುಗಳಿಗೆ ಒಂದೇ ಮನೆತನ. ಹೊಲ ಮಾಡುವ ಕೈಗಳೇ ಇಲ್ಲವಾದಾಗ ಉಳಿದವರು ಪಟ್ಟಣ ಸೇರಿದರು. ಈಚೆಗೆ ದೂರ ಹೋಗುವ ಕಾರು, ಲಾರಿಗಳನ್ನೆಲ್ಲ ಎ 20 ಮೋಟಾರು ಹೆದ್ದಾರಿ ತನ್ನತ್ತ ಎಳೆದುಕೊಂಡಿತು. ನಾವು ಸವಿಯುವ ಆ ಮೌನದ ಹಿಂದೆ ಇಷ್ಟೆಲ್ಲ ಇದೆ. ಇದು ತಿಳಿದ ಮೇಲೆ ನಾನು ಅಲ್ಲಿ ಸ್ವಲ್ಪ ನಿಧಾನವಾಗಿ ತುಳಿಯುತ್ತೇನೆ.

ದಾರಿ ಆರಿಸಲು ಮೊಬೈಲಿಗಿಂತ ಮಿಶೆಲಿನ್ ಕಂಪನಿಯ ಕಾಗದದ ನಕಾಶೆಯನ್ನೇ ನಾನು ನಂಬುತ್ತೇನೆ. ಒಂದು ಸೆಂಟಿಮೀಟರಿಗೆ ಒಂದೂವರೆ ಕಿಲೋಮೀಟರ್ ಅಳತೆಯ ಜಿಲ್ಲಾ ನಕಾಶೆ ಸಾಕು. ಕೆಂಪು ಗೆರೆ ಬಿಟ್ಟುಬಿಡಿ. ಹಳದಿ ಗೆರೆ ನಡೆಯುತ್ತದೆ. ಬಿಳಿ ಗೆರೆ ಕಂಡರೆ ಅದೇ ನಿಮ್ಮದು. ಗೆರೆಯ ಪಕ್ಕ ಹಸಿರು ಅಂಚಿದ್ದರೆ ನೋಟ ಚೆನ್ನಾಗಿದೆ ಎಂದರ್ಥ. ಗೆರೆಯ ಮೇಲೆ ಸಣ್ಣ ಬಾಣಗಳಿರುತ್ತವೆ, ಅವು ಏರಿನ ಕಡೆಗೆ ಮುಖ ಮಾಡಿರುತ್ತವೆ. ಒಂದು ಬಾಣಕ್ಕೆ ಶೇ 5ರಿಂದ 9ರ ಏರು, ಎರಡಕ್ಕೆ ಶೇ 9ರಿಂದ 13, ಮೂರಕ್ಕೆ ಅದಕ್ಕೂ ಮೇಲೆ. ನನ್ನ ಮೊದಲ ಪ್ರವಾಸದಲ್ಲಿ ಬಾಡಿಗೆಗೆ ಸಿಕ್ಕ ಸೈಕಲಿಗೆ ಏರಿಗೆ ತಕ್ಕ ಗೇರ್ ಇರಲಿಲ್ಲ. ಅಂಗಡಿಯವರು ಇಲ್ಲೆಲ್ಲ ಸಮತಟ್ಟು ಎಂದಿದ್ದರು. ಎರಡು ಬಾಣದ ಏರಿನಲ್ಲಿ ಮೂರು ಕಿಲೋಮೀಟರ್ ತಳ್ಳಿಕೊಂಡು ಹೋದೆ. ಅಂದಿನಿಂದ ಮುಂದಿನ ಚಿಕ್ಕ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಒಂದೇ ಸಂಖ್ಯೆಯ ಹಲ್ಲುಗಳಿವೆಯೇ ಎಂದು ಎಣಿಸಿ ನೋಡದೆ ಸೈಕಲ್ ತೆಗೆದುಕೊಳ್ಳುವುದಿಲ್ಲ. 34ಕ್ಕೆ 34 ಇದ್ದರೆ ಹೊರೆ ಹೇರಿಕೊಂಡೂ ಎಂಥ ಏರನ್ನೂ ಕೂತೇ ಹತ್ತಬಹುದು.

ಒಂದೇ ಒಂದು ದಾರಿ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಡಿ 41. ಫಿಜಾಕ್ ಪಟ್ಟಣದ ಕಡೆಯಿಂದ ಹೊರಟು ಒಂದು ಪುಟ್ಟ ನದಿಯ ಜೊತೆಗೇ ಇಳಿಯುತ್ತ, ಆ ನದಿ ಲಾಟ್ ನದಿಯನ್ನು ಸೇರುವವರೆಗೂ ಕೈಬಿಡದ ರಸ್ತೆ ಅದು. ನದಿಯ ಹೆಸರು ಸೆಲೆ. ನೀರಿನ ಒರತೆಗೆ ನಾವು ಇಟ್ಟುಕೊಂಡ ಮಾತನ್ನೇ ಯಾರೋ ಆ ನದಿಗೆ ಕೊಟ್ಟಂತೆ ಕೇಳಿಸುತ್ತದೆ. ಎರಡು ನುಡಿಗಳಲ್ಲಿ ದನಿ ಕೂಡಿಬಂದದ್ದು ಆಕಸ್ಮಿಕವೇ ಆದರೂ, ಮೊದಲ ಸಲ ಆ ಹೆಸರಿನ ಫಲಕ ಓದಿದಾಗ ನನಗಾದ ಸಂತೋಷ ದೊಡ್ಡದು.

ಶನಿವಾರ ಫಿಜಾಕ್‌ನಲ್ಲಿ ಸಂತೆ. ಹೊರಡುವುದಿದ್ದರೆ ಆ ದಿನವೇ ಹೊರಡಿ. ಮರಳುಗಲ್ಲಿನ ಹಳೆಯ ಮನೆಗಳ ಮೇಲಂತಸ್ತಿನಲ್ಲಿ ಗೋಡೆಯಿಲ್ಲದ, ಕಂಬಗಳಷ್ಟೇ ಇರುವ ತೆರೆದ ಅಟ್ಟ ಕಾಣುತ್ತದೆ. ಕಾಳು, ಹಣ್ಣು, ಬಟ್ಟೆ ಒಣಗಿಸುತ್ತಿದ್ದ ಜಾಗ. ಈಜಿಪ್ಟಿನ ಚಿತ್ರಲಿಪಿಯ ಗಂಟು ಬಿಡಿಸಿದ ಶಾಂಪೋಲಿಯೋಂ ಹುಟ್ಟಿದ್ದು ಇದೇ ಊರಿನಲ್ಲಿ, 1790ರಲ್ಲಿ. ಅವನ ಮನೆಯ ಪಕ್ಕದ ಅಂಗಳದಲ್ಲಿ ರೊಸೆಟ್ಟಾ ಶಿಲೆಯ ಬೃಹತ್ ಪ್ರತಿಯನ್ನು ನೆಲಕ್ಕೇ ಹಾಸಿದ್ದಾರೆ, ಅಕ್ಷರಗಳ ಮೇಲೆ ನಡೆದಾಡಬಹುದು. ಸಂತೆಯಲ್ಲಿ ಅಂಗೈಗಿಂತ ಚಿಕ್ಕದಾದ ಮೇಕೆ ಹಾಲಿನ ರೊಕಾಮಾದೂರ್ ಚೀಸ್ ಸಿಗುತ್ತದೆ, ಒಂದೊಂದೂ 35 ಗ್ರಾಂ. ನಾಲ್ಕು ಕೊಂಡು, ಒಂದು ಉದ್ದನೆಯ ಬ್ರೆಡ್ಡನ್ನು ಹಿಂದಿನ ಚೀಲಕ್ಕೆ ಸಿಕ್ಕಿಸಿ ಹೊರಡುತ್ತೇನೆ.

ಊರು ದಾಟುವ ಮೊದಲ ಕೆಲವು ಕಿಲೋಮೀಟರಿನಲ್ಲಿ ವಾಹನ ಉಂಟು. ಆಮೇಲೆ ಕಣಿವೆ ಕಿರಿದಾಗುತ್ತದೆ. ಎರಡೂ ಕಡೆ ಸುಣ್ಣಕಲ್ಲಿನ ಬಿಳಿ ಗೋಡೆ ಏಳುತ್ತದೆ, ನಡುವೆ ನದಿ, ರಸ್ತೆ, ಒಂದು ಪಟ್ಟಿ ಹೊಲ. ಜೋಳದ ಗಿಡ, ಆಕ್ರೋಟು ಮರ, ಬತ್ತಿದ ಬಾವಿ. ಬ್ರೆಂಗ್ ಊರಿನ ಬಳಿ ಬಂಡೆಯ ನಡುಮಟ್ಟದಲ್ಲಿ ಗವಿಯ ಬಾಯಿಗೆ ಕಲ್ಲುಗೋಡೆ ಕಟ್ಟಿದ್ದು ಕಾಣುತ್ತದೆ. ನೂರು ವರ್ಷಗಳ ಯುದ್ಧದ ಕಾಲದ ಅಡಗುತಾಣ, ಜನ ಅದನ್ನು ಇಂಗ್ಲಿಷರ ಕೋಟೆ ಎನ್ನುತ್ತಾರೆ. ಅದಕ್ಕೂ ಮೊದಲು ಎಸ್ಪಾನ್ಯಾಕ್ ಸಿಗುತ್ತದೆ. ಸೇತುವೆ ದಾಟಿ ಹೋಗಬೇಕು, ರಸ್ತೆಯಿಂದಲೇ ನೋಡಿ ಮುಂದೆ ಹೋದವರಿಗೆ ನಷ್ಟ. ಹಿಂದೆ ಸನ್ಯಾಸಿನಿಯರ ಮಠವಿದ್ದ ಊರು. ಅಲ್ಲಿನ ಚರ್ಚಿನ ಗಂಟೆಗೋಪುರ ಬೇರೆಲ್ಲೂ ನಾನು ಕಾಣದ್ದು. ಕಲ್ಲಿನ ಬುಡದ ಮೇಲೆ ಮರದ ತೊಲೆ ಮತ್ತು ಇಟ್ಟಿಗೆಯ ಒಂದು ಕೋಣೆ, ಅದರ ಮೇಲೆ ಎಂಟು ಮುಖದ ಸೂರು. ಗೋಪುರದ ತಲೆಯ ಮೇಲೆ ಯಾರೋ ಮನೆ ಮಾಡಿಕೊಂಡಿದ್ದಾರೆ ಅನ್ನಿಸುತ್ತದೆ.

ಹನ್ನೆರಡು ಗಂಟೆಗೆ ಎಲ್ಲವೂ ಮುಚ್ಚುತ್ತದೆ. ಎರಡರವರೆಗೆ ಅಂಗಡಿ ಬಾಗಿಲು ತಟ್ಟುವುದರಲ್ಲಿ ಅರ್ಥವಿಲ್ಲ. ಸೋಮವಾರ ಹಲವು ಬೇಕರಿಗಳೂ ತೆರೆಯುವುದಿಲ್ಲ. ಹಸಿವಾಗುವ ಮುಂಚೆ ತಿನ್ನಬೇಕು, ಬಾಯಾರುವ ಮುಂಚೆ ಕುಡಿಯಬೇಕು ಎಂದು ಸೈಕಲ್ ಯಾತ್ರಿಕರಿಗೆ ಕಲಿಸಿದವರು ಸೇಂತ್-ಎತಿಯೆನ್ನಿನ ಪೋಲ್ ದ ವಿವಿ. ವೆಲೋಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. 1887ರಿಂದ ಸೈಕಲ್ ಪತ್ರಿಕೆ ನಡೆಸಿದರು, 1930ರಲ್ಲಿ ತೀರಿಕೊಳ್ಳುವವರೆಗೂ ಗೇರು ಬದಲಿಸುವ ಸೈಕಲ್ಲಿನ ಪರವಾಗಿ ವಾದಿಸಿದರು. ಟೂರ್ ದ ಫ್ರಾನ್ಸ್ ಸ್ಪರ್ಧೆ ಅಂಥ ಗೇರಿಗೆ ಒಪ್ಪಿದ್ದು 1937ರಲ್ಲಿ. ಪ್ರವಾಸಿಗಳು ಅದಕ್ಕೂ ಎಷ್ಟೋ ಮೊದಲೇ ಅದರಿಂದ ಬೆಟ್ಟ ಹತ್ತುತ್ತಿದ್ದರು.

ನೀರಿನ ವಿಷಯದಲ್ಲಿ ಒಂದು ಗುಟ್ಟು. ಹಳ್ಳಿಯ ಕಾರಂಜಿಯ ಮೇಲೆ ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇದ್ದರೆ ಸ್ಮಶಾನಕ್ಕೆ ಹೋಗಿ. ನಮ್ಮವರು ಹಿಂಜರಿಯುವುದು ಸಹಜ. ಅಲ್ಲಿ ಗೋರಿಗಳ ಹೂಗಿಡಗಳಿಗೆಂದು ನಲ್ಲಿ ಇದ್ದೇ ಇರುತ್ತದೆ, ಬಹುಪಾಲು ಊರಿನ ನಲ್ಲಿ ನೀರೇ. ಕುಡಿಯುವುದಕ್ಕಲ್ಲ ಎಂದು ಬರೆದಿಲ್ಲವೆಂದು ಮಾತ್ರ ನೋಡಿಕೊಳ್ಳಿ. ಒಂದು ಜೂನ್ ಮಧ್ಯಾಹ್ನ ನಾನು ಬಾಟಲಿ ತುಂಬಿಸುತ್ತಿದ್ದಾಗ ವಯಸ್ಸಾದ ಹೆಂಗಸೊಬ್ಬರು ತಗಡಿನ ಹೂಜಿ ಹಿಡಿದು ಕಾಯುತ್ತ ನಿಂತರು. ನಾನು ಸರಿದೆ. ಅವರು ಕೈಯಾಡಿಸಿ, ನೀವೇ ಮೊದಲು ತುಂಬಿಸಿಕೊಳ್ಳಿ, ನನ್ನವರಿಗೆ ಅವಸರವೇನಿಲ್ಲ ಎಂದರು. ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಕೂತು ಬ್ರೆಡ್ಡು ಮುರಿಯುತ್ತಿದ್ದಾಗ ಅವರು ಗೋರಿಯ ಮೇಲಿನ ಜೆರೇನಿಯಂ ಕುಂಡಗಳಿಗೆ ಒಂದೊಂದಾಗಿ ನೀರು ಹಾಕುವುದು ಕಾಣುತ್ತಿತ್ತು.

ಮಾರ್ಸಿಯಾಕ್‌ನಲ್ಲಿ ಚಾವಣಿ ಬಿದ್ದ ಬೆನೆಡಿಕ್ಟೈನ್ ಮಠವಿದೆ. ಅದನ್ನು ದಾಟಿ ಸೋಲಿಯಾಕ್, ಆಮೇಲೆ ಕಾಬ್ರರೆ. ಇಲ್ಲಿ ರಸ್ತೆ ಬಿಟ್ಟು ಮೇಲಕ್ಕೆ ಹತ್ತಲೇಬೇಕು. ಚಿಕ್ಕದಾದರೂ ಚುರುಕಾದ ಏರು. ಮೇಲಿರುವುದು ಪೆಶ್ ಮೆರ್ಲ್ ಗವಿ. 1922ರಲ್ಲಿ ಇಬ್ಬರು ಹುಡುಗರು ತೆವಳಿಕೊಂಡು ಒಳಹೊಕ್ಕು ಕಂಡದ್ದು. ಒಳಗೆ ಬೆನ್ನಿಗೆ ಬೆನ್ನು ಹಾಕಿದ ಎರಡು ಕುದುರೆಗಳ ಚಿತ್ರ, ಮೈತುಂಬ ಕಪ್ಪು ಚುಕ್ಕೆ, ಸುತ್ತ ಕೈಗಳ ಅಚ್ಚು. ವಯಸ್ಸು ಸುಮಾರು 29,000 ವರ್ಷ. ಹಾಗೆ ಚುಕ್ಕೆಯ ಕುದುರೆ ನಿಜಕ್ಕೂ ಇತ್ತೇ, ಕಲ್ಪನೆಯೇ ಎಂಬ ಚರ್ಚೆ ಬಹುಕಾಲ ನಡೆಯಿತು. ಹಳೆಯ ಎಲುಬುಗಳ ಡಿಎನ್‌ಎ ಪರೀಕ್ಷಿಸಿದವರು 2011ರಲ್ಲಿ, ಅಂಥ ಕುದುರೆಗಳು ಆಗ ಇದ್ದವು ಎಂದು ತೋರಿಸಿದರು. ದಿನಕ್ಕೆ 700 ಜನರಿಗಷ್ಟೇ ಪ್ರವೇಶ, ಮುಂಗಡ ಟಿಕೆಟ್ ಬೇಕು. ಒಳಗಿನ ಚಳಿಗೆ ಬೆವರಿದ ಮೈಯಲ್ಲಿ ಹೋಗಬೇಡಿ, ಒಂದು ಜಾಕೆಟ್ ಇರಲಿ. ಕುದುರೆಗಳಿಗಿಂತ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಗಟ್ಟಿಯಾದ ಜೇಡಿಮಣ್ಣಿನಲ್ಲಿ ಉಳಿದಿರುವ ಎಳೆಯ ವಯಸ್ಸಿನವರೊಬ್ಬರ ಹೆಜ್ಜೆ ಗುರುತು. ಹಿಮ್ಮಡಿ, ಬೆರಳು ಎಲ್ಲ ಕಾಣುತ್ತದೆ.

ಫ್ರಾನ್ಸಿನಲ್ಲಿ ಈಗ ಸೈಕಲ್ಲಿಗೆಂದೇ ಮಾಡಿದ ಹಸಿರು ಹಾದಿಗಳು ಬಹಳ. ಮಕ್ಕಳೊಂದಿಗೆ ಹೋಗುವವರಿಗೆ ಅವು ವರದಾನ. ನನಗೆ ಅವು ಅಷ್ಟು ಹಿಡಿಸಿಲ್ಲ. ಹಲವು ಹಾದಿಗಳು ಹಳೆಯ ರೈಲು ಮಾರ್ಗದ ಮೇಲೆ ಹೋಗುವುದರಿಂದ ಊರನ್ನು ಹೊರಗಿನಿಂದ ಬಳಸಿಬಿಡುತ್ತವೆ. ಜಿಲ್ಲಾ ರಸ್ತೆ ಊರಿನೊಳಗೇ ನುಗ್ಗುತ್ತದೆ. ಚರ್ಚಿನ ಮುಂದೆ, ಬೇಕರಿಯ ಮುಂದೆ, ಯಾರದೋ ಅಡುಗೆಮನೆ ಕಿಟಕಿಯ ಪಕ್ಕದಲ್ಲಿ. ಊರಾಚೆ ಸೈಕಲನ್ನು ಹಿಂದಿಕ್ಕುವ ಕಾರು ಒಂದೂವರೆ ಮೀಟರ್ ಬಿಡಬೇಕೆಂಬ ಕಾನೂನಿದೆ, ಹೆಚ್ಚಿನವರು ಪಾಲಿಸುತ್ತಾರೆ. ಬೆಂಗಳೂರಿನ ಹಲವು ಗೆಳೆಯರು 2023ರಲ್ಲಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ತುಳಿಯಲು ಹೋಗಿದ್ದರು. 90 ಗಂಟೆಯೊಳಗೆ 1200 ಕಿಲೋಮೀಟರ್. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಷ್ಟು ದೂರ ಹೋಗಿ, ಹೆಡ್‌ಲೈಟಿನ ಬೆಳಕಿನಲ್ಲಷ್ಟೇ ಹಳ್ಳಿಗಳನ್ನು ಕಂಡು ಬಂದವರ ಮಾತು ಕೇಳಿದಾಗ ಹೊಟ್ಟೆಯುರಿಯುತ್ತದೆ. 2027ಕ್ಕೆ ತಯಾರಾಗುತ್ತಿರುವವರು ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳಲಿ, ದಕ್ಷಿಣಕ್ಕೆ ರೈಲು ಹತ್ತಲಿ. ಆಗಸ್ಟಿನಲ್ಲಿ ಸೆಲೆ ಕಣಿವೆಯಲ್ಲಿ ದೋಣಿ ವಿಹಾರದವರ ಗದ್ದಲ ಇರುತ್ತದೆ. ಸೆಪ್ಟೆಂಬರ್ ಬಂದರೆ ತಾನೇ ಇಳಿಯುತ್ತದೆ.

ಫಿಜಾಕ್‌ನಿಂದ ಹೆಚ್ಚುಕಡಿಮೆ 50 ಕಿಲೋಮೀಟರಿಗೆ ಬೂಜಿಯೆಸ್. ರಾತ್ರಿ ಇಲ್ಲೇ ಉಳಿಯಿರಿ. ಅಲ್ಲಿಂದ ಡಿ 40 ಬಂಡೆಯ ಅಂಚು ಹಿಡಿದು ಸೇಂ-ಸೀರ್-ಲಾಪೊಪಿಗೆ ಹತ್ತುತ್ತದೆ. ಫ್ರಾನ್ಸಿನ ಅತಿ ಸುಂದರ ಹಳ್ಳಿಗಳ ಸಂಘ 1982ರಲ್ಲಿ ಹುಟ್ಟಿದ್ದು; 2000ಕ್ಕಿಂತ ಕಡಿಮೆ ಜನರಿರುವ ಊರುಗಳನ್ನಷ್ಟೇ ಸೇರಿಸಿಕೊಳ್ಳುತ್ತದೆ. ಇದು ಆ ಪಟ್ಟಿಯಲ್ಲಿರುವ ಊರು. ಪಟ್ಟಿಗೆ ಸೇರಿದ ಊರಿಗೆ ಹಗಲು ಹೊತ್ತಿನಲ್ಲಿ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತು ಗಂಟೆಗೆ ಬಸ್ಸುಗಳು ಬರುತ್ತವೆ. ಬೆಳಗಿನ ಏಳಕ್ಕೆ ಅಲ್ಲಿರಬೇಕು.

ಈ ಊರಿಗೆ ಮನಸೋತ ಕವಿಯೊಬ್ಬರ ಕಥೆಯೂ ಇದೆ. 1949ರಲ್ಲಿ ಕಾವೋರ್ ನಗರ ತನ್ನನ್ನು ವಿಶ್ವದ ನೆಲ ಎಂದು ಸಾರಿಕೊಂಡಿತು. ಮರುವರ್ಷ ಈ ಸೀಮೆಯಲ್ಲಿ ಗಡಿಯಿಲ್ಲದ ರಸ್ತೆಯೊಂದನ್ನು ಉದ್ಘಾಟಿಸಿದರು. ಯುದ್ಧದಿಂದ ಬೇಸತ್ತ ಜನರ ಕನಸು ಅದು. ಆ ಸಮಾರಂಭಕ್ಕೆ ಬಂದ ಕವಿ ಆಂದ್ರೆ ಬ್ರೆತೋಂ ಸೇಂ-ಸೀರ್ ನೋಡಿ ಮನಸೋತು ಅಲ್ಲೇ ಮನೆ ಕೊಂಡರು, ಬದುಕಿದಷ್ಟು ಕಾಲವೂ ಬೇಸಿಗೆಗೆ ಅಲ್ಲಿಗೆ ಬರುತ್ತಿದ್ದರು. ಈ ಊರಿನವರು ಹಿಂದೆ ಪೀಪಾಯಿಗಳಿಗೆ ಮರದ ನಲ್ಲಿ ಕಡೆಯುವ ಕಸುಬಿಗೆ ಹೆಸರಾಗಿದ್ದರು.

ಕಳೆದ ಸಲ ನಾನು ಹತ್ತಿದಾಗ ನದಿಯ ಮೇಲೆ ಇನ್ನೂ ಮಂಜು. ಕೊನೆಯ ತಿರುವಿನ ನೋಟದ ಕಟ್ಟೆಗೆ ಸೈಕಲ್ ಒರಗಿಸಿ ನಿಂತೆ. ಮೊದಲು ಚರ್ಚಿನ ನೆತ್ತಿ ಕಂಡಿತು, ಆಮೇಲೆ ಕಂದು ಹೆಂಚಿನ ಕಡಿದಾದ ಸೂರುಗಳು, ಒಂದರ ಭುಜದ ಮೇಲೆ ಇನ್ನೊಂದು. ಎಲ್ಲೋ ಮರದ ಕಿಟಕಿ ತೆರೆದು ಗೋಡೆಗೆ ಬಡಿದ ಸದ್ದು. ಊರಿನ ಓಣಿಗಳಲ್ಲಿ ಸೈಕಲ್ ನಡೆಸಿಕೊಂಡು ಹೋಗಿ ಒಂದು ಗಂಟೆ ಇದ್ದೆ. ಮೊದಲ ಬಸ್ಸಿನ ಬ್ರೇಕಿನ ಸದ್ದು ಕೇಳಿಸುವ ಹೊತ್ತಿಗೆ ಪೂರ್ವದ ಕಡೆಗೆ, ಡಿ 8ಕ್ಕೆ ಇಳಿದಿದ್ದೆ. ರಸ್ತೆ ಬದಿಯ ಹುಲ್ಲಿನಲ್ಲಿ ಅರ್ಧ ಮುಳುಗಿದ ಹಳದಿ ತಲೆಯ ಕಲ್ಲು, ಮೇಲೊಂದು ಬಸವನಹುಳು.