ಪಟೇಲರ ಮನೆಯಿಂದ ಕಂಡ ಊರು

ಪಿಯುಸಿಯಲ್ಲಿ ಸೈನ್ಸ್ ತಗೊಂಡ ನಮ್ಮಂಥವರಿಗೆ ಸಮಾಜಶಾಸ್ತ್ರ ಅಂದ್ರೆ ಪಕ್ಕದ ಕ್ಲಾಸ್‌ರೂಮಿನ ಸಬ್ಜೆಕ್ಟು. ನಾನು ಅದನ್ನ ಓದೋಕೆ ಶುರು ಮಾಡಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದ ಮೇಲೆ. ಆರಂಭದ ಯಾವ ಪಠ್ಯ ತೆಗೆದರೂ ಒಂದು ಮಾತು ಸಿಕ್ಕೇ ಸಿಗುತ್ತೆ: ವ್ಯಕ್ತಿಯನ್ನು ಸಮಾಜ ರೂಪಿಸುತ್ತದೆ, ಸಮಾಜವನ್ನು ವ್ಯಕ್ತಿಗಳು ರೂಪಿಸುತ್ತಾರೆ. ಓದೋಕೆ ಎಷ್ಟು ಹಿತವಾಗಿದೆ ನೋಡಿ! ಇಬ್ಬರು ಸರಿಸಮಾನರು ಕೊಟ್ಟು ತಗೊಂಡ ಹಾಗೆ. ನನ್ನ ತಕರಾರು ಇರೋದು ಆ ಹಿತದ ಬಗ್ಗೆಯೇ. ಅದನ್ನ ಹೇಳೋಕೆ ಮೈಸೂರು ಜಿಲ್ಲೆಯ ಅಕ್ಕಪಕ್ಕದ ಎರಡು ತಾಲ್ಲೂಕು, ಆ ಕಡೆಯ ಎರಡು ಪುಸ್ತಕ ಸಾಕು.

ಮೊದಲು ಥಿಯರಿ, ಚುಟುಕಾಗಿ. ಸಮಾಜ ನಮ್ಮ ಹೊರಗೇ ಇದ್ದು ನಮ್ಮನ್ನ ಕಟ್ಟಿಹಾಕುತ್ತೆ ಅಂದವನು ಡರ್ಕೈಮ್. ಇಲ್ಲ, ಮನುಷ್ಯ ತನ್ನ ಕ್ರಿಯೆಗೆ ಯಾವ ಅರ್ಥ ಕೊಡ್ತಾನೆ ಅನ್ನೋದರಿಂದ ಶುರು ಮಾಡಿ ಅಂದವನು ವೆಬರ್. 1966ರಲ್ಲಿ ಬರ್ಜರ್ ಮತ್ತು ಲುಕ್‌ಮನ್ ಇವೆರಡನ್ನೂ ಸೇರಿಸಿ ಹೊಲಿದರು: ಸಮಾಜವನ್ನು ಮಾಡೋರು ನಾವೇ, ನಾವು ಮಾಡಿದ್ದು ಅನ್ನೋದನ್ನ ಮರೀತೀವಿ, ಆಮೇಲೆ ಅದೇ ನಮ್ಮನ್ನ ಮಾಡುತ್ತೆ. ಚೆನ್ನಾಗಿದೆ. ಆದರೆ ಈ 'ನಾವು' ಅಂದ್ರೆ ಯಾರು?

ಈಗ ಟಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಬನ್ನಿ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಇಲ್ಲಿದ್ದು ಕ್ಷೇತ್ರಕಾರ್ಯ ಮಾಡಿದರು. ಮೈಸೂರಿನಲ್ಲೇ ಹುಟ್ಟಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು. ಪುಸ್ತಕದಲ್ಲಿ ಈ ಊರಿಗೆ ಅವರಿಟ್ಟ ಹೆಸರು ರಾಮ್‌ಪುರ. 1970ರ ಏಪ್ರಿಲ್‌ನಲ್ಲಿ, ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ತಿದ್ದಿ ಜೋಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಹಾಗಾಗಿ ಬಹುಪಾಲು ನೆನಪಿನಿಂದಲೇ ಬರೆದದ್ದು 1976ರ 'ದಿ ರಿಮೆಂಬರ್ಡ್ ವಿಲೇಜ್'. ಕೃಷಿ, ಜಗಳ, ಪಂಚಾಯ್ತಿ, ಹರಟೆ ಎಲ್ಲ ಇರುವ, ಕಾದಂಬರಿಯ ಹಾಗೆ ಓದಿಸಿಕೊಳ್ಳುವ ಪುಸ್ತಕ. ಸಮಾಜಶಾಸ್ತ್ರ ಇಷ್ಟು ರುಚಿಯಾಗಿರಬಹುದು ಅಂತ ನನಗೆ ಗೊತ್ತಾಗಿದ್ದೇ ಇದರಿಂದ.

ಶ್ರೀನಿವಾಸ್ ಇಳಿದುಕೊಂಡದ್ದು ಊರಿನ ಪಟೇಲರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ. ಅಲ್ಲಿಂದಲೇ ಊರು ಅವರನ್ನ ರೂಪಿಸೋಕೆ ಶುರು ಮಾಡಿತು. ಅವರು ತಮ್ಮನ್ನ ಸಂಶೋಧಕ ಅಂದುಕೊಂಡಿದ್ದರು. ಊರಿಗೆ ಮಾತ್ರ ಅವರು ಪಕ್ಕದೂರಿನಲ್ಲಿ ಹಿರೀಕರ ಜಮೀನಿದ್ದ ಬ್ರಾಹ್ಮಣ. ಮನೆಯಲ್ಲಿ ಪಾಲಿಸುತ್ತಿದ್ದದ್ದಕ್ಕಿಂತ ಹೆಚ್ಚಿನ ಮಡಿಯನ್ನು ಹಳ್ಳಿ ಅವರಿಂದ ಬಯಸಿತು. ಓದಿ ಬಂದವನನ್ನೇ ಊರು ತಿದ್ದಿ ಕೂರಿಸಿತು ಅನ್ನಿ. ಡರ್ಕೈಮ್ ಹೇಳಿದ್ದು ಇದನ್ನೇ.

ಇದರ ಪರಿಣಾಮ ಪುಸ್ತಕದ ಮೇಲೂ ಆಗಿದೆ. ಪಟೇಲರು, ನಾಡುಗೌಡರು, ಕುಳ್ಳೇಗೌಡರು ಕಣ್ಣೆದುರೇ ಓಡಾಡ್ತಾರೆ. ದಲಿತರ ಕೇರಿಗೆ ಬಂದಾಗ ಚಿತ್ರ ಮಸುಕಾಗುತ್ತೆ. ಅಲ್ಲಿ ಹೆಚ್ಚು ಹೊತ್ತು ಕಳೆದಿದ್ದರೆ ಊರು ಬೇರೆ ಥರ ಕಾಣ್ತಿತ್ತು ಅಂತ ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಅದು ಅವರ ದೊಡ್ಡತನ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕೊರತೆ ತುಂಬಲ್ಲ. ಅವರ ಹೆಸರಾಂತ 'ಸಂಸ್ಕೃತೀಕರಣ'ದಲ್ಲೂ ಇದೇ ತೊಂದರೆ. ಕೆಳಗಿನ ಜಾತಿ ಮೇಲಿನವರ ಆಚಾರ ಕಲಿತು ಮೇಲೇರೋಕೆ ನೋಡುತ್ತೆ, ಅದರಿಂದ ಏಣಿಯ ಮೆಟ್ಟಿಲು ಬದಲಾಗಬಹುದೇ ಹೊರತು ಏಣಿ ಬದಲಾಗಲ್ಲ ಅಂತ ಅವರೇ ಹೇಳಿದ್ದಾರೆ. ಸರಿ. ಆದರೆ ಇಲ್ಲಿ ಕೆಳಗಿನವನು ಕಾಣೋದು ನಕಲು ಮಾಡುವವನಾಗಿ ಮಾತ್ರ. ಅವನಿಗೆ ತನ್ನದೇ ಅಂತ ಒಂದು ಲೋಕ ಇಲ್ಲವೇ?

ಇದೆ. ಅದನ್ನ ನೋಡೋಕೆ ಪಕ್ಕದ ನಂಜನಗೂಡು ತಾಲ್ಲೂಕಿಗೆ ಹೋಗಬೇಕು. ಶ್ರೀನಿವಾಸ್ ಕೊಡಗಹಳ್ಳಿಯಲ್ಲಿದ್ದ ಅದೇ 1948ರಲ್ಲಿ ದೇವನೂರಿನಲ್ಲಿ ದೇವನೂರ ಮಹಾದೇವ ಹುಟ್ಟಿದರು. ಅವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಹುಡುಕ್ತಾ ಇರ್ತಾಳೆ. ಸಾಹುಕಾರನ ಕಡೆಯಿಂದ ಕದ್ದು ತಂದ ಕಡಲೆಕಾಯಿಯನ್ನು ಮನೆಯವರೆಲ್ಲ ಸುತ್ತ ಕೂತು ತಿಂತಾರೆ. ಆಮೇಲೆ ಪೊಲೀಸರು ಬರ್ತಾರೆ. ಕಥೆ ಇಷ್ಟೇ ಅನ್ನಬಹುದು. ಆದರೆ ಅದೇ ಕಡಲೆಕಾಯಿ ಸಾಹುಕಾರನ ಮನೆಯಿಂದ ನೋಡಿದರೆ ಕಳ್ಳತನ, ಗುಡಿಸಲ ಒಳಗಿಂದ ನೋಡಿದರೆ ಹಬ್ಬ. ವೆಬರ್ ಹೇಳಿದ ಅರ್ಥ ಇಬ್ಬರಿಗೂ ಇದೆ. ಪೊಲೀಸರನ್ನು ಕಳಿಸುವ ಶಕ್ತಿ ಮಾತ್ರ ಒಬ್ಬರದ್ದೇ ಅರ್ಥಕ್ಕೆ ಇದೆ. ಸಾಕವ್ವನ ಮನೆಯವರು ಯಾರನ್ನೂ ನಕಲು ಮಾಡ್ತಿಲ್ಲ. ಜಗಳ, ನಗು, ಆಸೆ ಎಲ್ಲ ಅವರದ್ದೇ. ಹಾಗಂತ ಅವರು ಕಟ್ಟಿಕೊಂಡ ಲೋಕವನ್ನ ಹೊರಗಿನವರು ಒಪ್ಪಲೇಬೇಕು ಅಂತೇನೂ ಇಲ್ಲ.

ಹೊರಗಿನದನ್ನ ಬದಲಿಸೋಕೆ ಹೊರಟರೆ ಏನಾಗುತ್ತೆ? ನಂಜನಗೂಡು ತಾಲ್ಲೂಕಿನದೇ ಬದನವಾಳು ಖಾದಿ ಕೇಂದ್ರದಿಂದ ಹೆಸರಾದ ಊರು. 1993ರ ಮಾರ್ಚ್‌ನಲ್ಲಿ, ದೇವಸ್ಥಾನ ಪ್ರವೇಶದ ತಕರಾರಿನ ಬೆನ್ನಿಗೇ, ಅಲ್ಲಿ ಮೂವರು ದಲಿತರ ಕೊಲೆಯಾಯಿತು. ವ್ಯಕ್ತಿ ಸಮಾಜವನ್ನು ರೂಪಿಸುತ್ತಾನೆ ಅನ್ನೋ ಪಠ್ಯದ ಸಾಲನ್ನ ಈ ಊರಿನ ಹೆಸರಿನ ಪಕ್ಕ ಇಟ್ಟು ಓದಿ. ಸಾಲು ಸುಳ್ಳಾಗಲ್ಲ, ಆದರೆ ಅರ್ಧ ಅನ್ನಿಸುತ್ತೆ. ರೂಪಿಸೋದು ಎರಡೂ ಕಡೆಯಿಂದ ನಡೆಯುತ್ತೆ ನಿಜ. ಅದಕ್ಕೆ ತೆರುವ ಬೆಲೆ ಎಲ್ಲರಿಗೂ ಒಂದೇ ಅಲ್ಲ.

ವಿಚಿತ್ರ ಅಂದ್ರೆ, ಈ ಬೆಲೆಯನ್ನ ಅಳೆಯೋಕೆ ಬೇಕಾದ ಒಳ್ಳೆಯ ಸಾಧನ ಕೊಟ್ಟವರೂ ಶ್ರೀನಿವಾಸರೇ. ಭೂಮಿ, ಜನಬಲ, ಅಧಿಕಾರದ ಸಂಪರ್ಕ ಇವೆಲ್ಲ ಒಂದೇ ಕಡೆ ಸೇರಿದ 'ಪ್ರಬಲ ಜಾತಿ' ಅನ್ನೋ ಪರಿಕಲ್ಪನೆ ಈ ಊರಿನಿಂದಲೇ ಬಲಗೊಂಡದ್ದು. 1959ರಲ್ಲಿ ಅವರು ಇದರ ಮೇಲೇ ಒಂದು ಲೇಖನ ಬರೆದರು. ಹಾಗಾಗಿ ಶ್ರೀನಿವಾಸರನ್ನು ಬಿಟ್ಟು ಮಹಾದೇವರನ್ನು ಓದಿ ಅಂತ ನಾನು ಹೇಳ್ತಿಲ್ಲ. ಒಬ್ಬರು ಏಣಿ ಹೇಗಿದೆ ಅಂತ ತೋರಿಸ್ತಾರೆ, ಇನ್ನೊಬ್ಬರು ಅದರ ಕೆಳಗೆ ಬದುಕೋದು ಅಂದ್ರೆ ಏನು ಅಂತ. ಎರಡನ್ನೂ ಓದಿ, ಒಂದರ ಹಿಂದೆ ಒಂದು.

ಇದೆಲ್ಲ ಹಳ್ಳಿ ಕಥೆ, ಬೆಂಗಳೂರಿನಲ್ಲಿ ಜಾತಿ ಯಾರು ಕೇಳ್ತಾರೆ ಅಂತೀರಾ? ನಾನೂ ಹಾಗೇ ಅಂತಿದ್ದೆ. ಬಾಡಿಗೆ ಮನೆ ನೋಡೋಕೆ ಹೋದಾಗ ಓನರ್ ಆಂಟಿ "ನೀವು ಯಾವ ಜನ?" ಅಂತ ಕೇಳಿದರು. ನಾನು ಹೇಳಿದೆ. ಅರ್ಧ ಗಂಟೆಯಲ್ಲಿ ಬೀಗದ ಕೈ ಸಿಕ್ಕಿತು. ಆ ಪ್ರಶ್ನೆ ಕೇಳಿದ್ದೇ ನನಗೆ ಮರೆತುಹೋಯಿತು. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ನಂಜನಗೂಡು ಕಡೆಯ ಗೆಳೆಯ ಅದೇ ಏರಿಯಾದಲ್ಲಿ ಮೂರು ತಿಂಗಳು ಅಲೆದು, ಕೊನೆಗೆ ದೂರದ ಪಿಜಿಯಲ್ಲೇ ಉಳಿದ. ಸಂಬಳ ಇಬ್ಬರದ್ದೂ ಒಂದೇ. ಅವನು ಅದನ್ನ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅದೂ ನಾನಾಗಿ ಕೇಳಿದ್ದಕ್ಕೆ.

ಆ ಆಂಟಿಯ ಪ್ರಶ್ನೆಗೆ ಉತ್ತರ ಕೊಟ್ಟಾಗ ನಾನೂ ಸಮಾಜವನ್ನು ರೂಪಿಸಿದೆ. ಏನೂ ಖರ್ಚಾಗಲಿಲ್ಲ. ಶ್ರೀನಿವಾಸರಿಗಾದರೂ ತಾವು ಯಾವ ಮನೆಯಲ್ಲಿ ಇಳಿದುಕೊಂಡಿದ್ದೇವೆ ಅನ್ನೋದು ಗೊತ್ತಿತ್ತು.