ಬೆಂಗಳೂರು ಎಫ್‌ಸಿಯ ಮೊದಲ ಋತು

ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಡನೆ ತವರಿನಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಆಡಿ, ಗೆಲುವಿಗೆ 3, ಸಮಬಲಕ್ಕೆ 1ರಂತೆ ಅಂಕ ಕೂಡಿಸುವ ಲೀಗ್ ಪದ್ಧತಿಯು ಒಂದು ದಿನದ ಅದೃಷ್ಟಕ್ಕಿಂತ ತಿಂಗಳುಗಟ್ಟಲೆಯ ಸ್ಥಿರತೆಗೆ ಬೆಲೆ ಕೊಡುವುದರಿಂದ, 2013ರಲ್ಲಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಆಗ ಭಾರತದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನ ತನ್ನ ಚೊಚ್ಚಲ ಋತುವಿನಲ್ಲೇ 24 ಪಂದ್ಯಗಳಿಂದ 47 ಅಂಕ ಗಳಿಸಿ ಪ್ರಶಸ್ತಿ ಗೆದ್ದದ್ದು ಇಂದಿಗೂ ಬೆರಗು ಹುಟ್ಟಿಸುತ್ತದೆ. ನಾಯಕ ಸುನಿಲ್ ಛೆಟ್ರಿಯ 14 ಗೋಲುಗಳೇ ಜನರ ನೆನಪಿನಲ್ಲಿ ಉಳಿದಿದ್ದರೂ, ಆಟಗಾರರ ದೈಹಿಕ ಕ್ಷಮತೆ, ಆಹಾರ, ಶಿಸ್ತುಗಳ ಮೇಲೆ ತರಬೇತುದಾರ ಆಶ್ಲೆ ವೆಸ್ಟ್‌ವುಡ್ ಇಟ್ಟ ಕಣ್ಣೇ ಆ ತಂಡದ ನಿಜವಾದ ಕಸುಬುಗಾರಿಕೆ ಎನ್ನಬೇಕು. 2014ರ ಏಪ್ರಿಲ್ 21ರಂದು, ಇನ್ನೊಂದು ಪಂದ್ಯ ಬಾಕಿಯಿರುವಾಗಲೇ, ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಗೋವೆಯ ಡೆಂಪೊ ತಂಡವನ್ನು ಅದರ ತವರಿನಲ್ಲೇ 4–2ರಿಂದ ಮಣಿಸಿ, ಅದೂ ಹಿಂಜರಿಕೆಯಿಲ್ಲದ ಆಕ್ರಮಣದಿಂದ, ಪ್ರಶಸ್ತಿಯನ್ನು ಬೆಂಗಳೂರು ಎಫ್‌ಸಿ ಖಚಿತಪಡಿಸಿಕೊಂಡಿತು.